ಗರಸಿನ ಮೇಲೆ ಬಿತ್ತಿಗೆ

ನನಗೆ ಪಾಠ ಹೇಳಲು ಬರುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಪಾಠ ಹೇಳಲು ಶುರುಮಾಡಿ ಒಂದು ವರ್ಷ ಮೂರು ತಿಂಗಳಾದ ಮೇಲೆ. ಅಲ್ಲಿಯವರೆಗೆ ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ನನ್ನಷ್ಟು ಚೆನ್ನಾಗಿ ಸಸ್ಯಶಾಸ್ತ್ರ ಹೇಳುವವನು ಇನ್ನೊಬ್ಬನಿಲ್ಲವೆಂದೇ ತಿಳಿದಿದ್ದೆ. ಯಲಬುರ್ಗಾ ತಾಲ್ಲೂಕಿನ ತಳಕಲ್ಲಿನಿಂದ ಹೋಗಿ ಅಲ್ಲಿ ಲೆಕ್ಚರರ್ ಆದವನು ನಾನೊಬ್ಬನೇ. ಅಷ್ಟು ಸಾಕಲ್ಲ, ತಲೆ ತಿರುಗುವುದಕ್ಕೆ.

ನನ್ನ ಪದ್ಧತಿ ಹೀಗಿತ್ತು. ಮನೆಯಲ್ಲಿ ಕೂತು ಪಾಠವನ್ನೆಲ್ಲ ಉರ್ದುವಿನಲ್ಲಿ ಬರೆದುಕೊಳ್ಳುವುದು, ಕ್ಲಾಸಿಗೆ ಹೋಗಿ ನಿಧಾನವಾಗಿ ಓದುವುದು, ಹುಡುಗರು ಬರೆದುಕೊಳ್ಳುವುದು. ಅಲ್ಲಿ ಎಲ್ಲ ಪಾಠವೂ ಉರ್ದುವಿನಲ್ಲೇ. ಹುಡುಗರಲ್ಲಿ ತೆಲುಗಿನವರಿದ್ದರು, ಮರಾಠಿಯವರಿದ್ದರು, ನಮ್ಮ ಕಡೆಯ ನಾಲ್ಕು ಮಂದಿ ಇದ್ದರು. ತಲೆ ತಗ್ಗಿಸಿಕೊಂಡು ಬರೆಯುತ್ತಿದ್ದರು. ಲೇಖನಿ ಓಡುವ ಸದ್ದು ಬಿಟ್ಟರೆ ಇನ್ನೊಂದು ಸದ್ದಿಲ್ಲ. ಆ ಮೌನ ನನಗೆ ಬಹಳ ಇಷ್ಟ. ಯಾರಾದರೂ ಕೈಯೆತ್ತಿ ಪ್ರಶ್ನೆ ಕೇಳಿದರೆ ನನಗೆ ಸಿಟ್ಟು ಬರುತ್ತಿತ್ತು. ಮೊದಲು ಬರೆದುಕೊಳ್ಳಿ, ಆಮೇಲೆ ತಿಳಿಯುತ್ತದೆ ಎನ್ನುತ್ತಿದ್ದೆ. ಆಮೇಲೆ ಎಂದರೆ ಯಾವಾಗ ಎಂದು ಅವರು ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

೧೯೪೧ರ ದಸರೆಗೆ ಇನ್ನು ಹದಿನೈದು ದಿನವಿರುವಾಗ ನಮ್ಮ ವಿಭಾಗದ ಮುಖ್ಯಸ್ಥರು ಒಂದು ದಿನ ಹೇಳದೆ ಕೇಳದೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಅವರನ್ನು ನಾವು ಸದರ್ ಸಾಹೇಬರು ಎನ್ನುತ್ತಿದ್ದೆವು. ಬೆಳ್ಳಗಿನ ಗಡ್ಡ, ಕಪ್ಪು ಶೇರವಾನಿ, ಮಾತು ಬಹಳ ಕಡಿಮೆ. ಪಾಠ ಮುಗಿದ ಮೇಲೆ ಒಬ್ಬ ಹುಡುಗನನ್ನು ನಿಲ್ಲಿಸಿ, ಬಾಳೆಯ ಕಾಂಡ ಎಂಥದು ಎಂದು ಕೇಳಿದರು. ಅವನು ನಾನು ಬರೆಸಿದ ನಾಲ್ಕು ಸಾಲನ್ನು ಒಂದಕ್ಷರ ತಪ್ಪದೆ ಒಪ್ಪಿಸಿದ. ಬಾಳೆಯ ಕಾಂಡ ನಿಜವಾದ ಕಾಂಡವಲ್ಲ, ಎಲೆಗಳ ಬುಡಗಳು ಒಂದರ ಮೇಲೊಂದು ಸುತ್ತಿಕೊಂಡು ಆದದ್ದು, ಇತ್ಯಾದಿ. ನನಗೆ ಎದೆ ಉಬ್ಬಿತು.

ಸಂಜೆ ಕರೆಸಿದರು. ನನ್ನ ನೌಕರಿ ಆ ವರ್ಷ ಖಾಯಂ ಆಗಬೇಕಿತ್ತು, ಅದರ ಬಗ್ಗೆ ಶಿಫಾರಸು ಬರೆಯಬೇಕಾದವರು ಅವರೇ. ಎರಡು ಕೆಲಸ ಹೇಳಿದರು. ನೀವು ಹೇಗೆ ಪಾಠ ಹೇಳುತ್ತೀರಿ, ಯಾಕೆ ಹಾಗೆ ಹೇಳುತ್ತೀರಿ ಎಂದು ಒಂದೇ ಒಂದು ಪುಟ ಬರೆದು ತನ್ನಿ. ದಸರೆ ರಜೆಯ ಕೊನೆಗೆ ನಾನು ಹುಡುಗರನ್ನು ಕರೆದುಕೊಂಡು ಗಿಡಮರ ತೋರಿಸಲಿಕ್ಕೆ ಆನೆಗೊಂದಿಗೆ ಬರುತ್ತೇನೆ, ನಿಮ್ಮದೇ ಸೀಮೆ, ಅಲ್ಲಿ ಒಂದು ಪಾಠ ನೀವು ಮಾಡಿ. ಆಮೇಲೆ ಬರೆಯುತ್ತೇನೆ, ಎಂದರು. ಏನು ಬರೆಯುತ್ತಾರೆಂದು ಹೇಳಲಿಲ್ಲ.

ಅಂಜಿಕೆ ಹತ್ತಿತು. ನೌಕರಿ ಹೋದರೆ ನನ್ನ ಹೊಟ್ಟೆಗೇನೂ ಕಡಿಮೆಯಾಗುತ್ತಿರಲಿಲ್ಲ, ಮನೆಯಲ್ಲಿ ಹೊಲವಿತ್ತು. ಆದರೆ ನಾನು ಓದಲೆಂದೇ ನಮ್ಮ ಅಣ್ಣ ಅಮರಪ್ಪ ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟು ಎತ್ತಿನ ಹಗ್ಗ ಹಿಡಿದವನು. ಓದುವುದರಲ್ಲಿ ಅವನು ನನಗಿಂತ ಚುರುಕಾಗಿದ್ದ. ಅದನ್ನು ಅವನು ಎಂದೂ ಎತ್ತಿ ಆಡಿದವನಲ್ಲ, ಆಡಿದ್ದರೆ ಚೆನ್ನಾಗಿತ್ತು. ಖಾಯಂ ಆಗಲಿಲ್ಲ ಎಂದು ಅವನ ಮುಂದೆ ಹೇಗೆ ನಿಲ್ಲಲಿ?

ರಜೆಗೆ ತಳಕಲ್ಲಿಗೆ ಬಂದವನೇ ಪಡಸಾಲೆಯಲ್ಲಿ ಕೂತು ಬರೆಯತೊಡಗಿದೆ. ಒಂದು ಪುಟ ಎಂದಿದ್ದರು, ನನ್ನದು ಹನ್ನೊಂದು ಪುಟವಾಯಿತು. ವಿದ್ಯೆ ಎಂದರೇನು, ಗುರು ಎಂದರೆ ಯಾರು, ಜ್ಞಾನದ ಜ್ಯೋತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಲ್ಲವೂ ಅದರಲ್ಲಿತ್ತು. ಹುಡುಗರು ಮಾತ್ರ ಎಲ್ಲಿಯೂ ಇರಲಿಲ್ಲ. ಎಷ್ಟು ಸಲ ಓದಿಕೊಂಡರೂ ಅದು ಯಾರೋ ಇನ್ನೊಬ್ಬನ ಮದುವೆಯ ಲಗ್ನಪತ್ರಿಕೆಯಂತೆ ಕಾಣಿಸಿತು. ಬೇಸರ ಬಂದು ಎದ್ದು ಹೊಲಕ್ಕೆ ಹೋದೆ.

ಉತ್ತರಿ ಮಳೆ ಚೆನ್ನಾಗಿ ಆಗಿತ್ತು. ಹಿಂಗಾರಿ ಜೋಳದ ಬಿತ್ತಿಗೆ ಶುರುವಾಗುವುದರಲ್ಲಿತ್ತು. ಬದುವಿನ ಪಕ್ಕದ, ಕೆಂಪು ಕಲ್ಲುಮಣ್ಣಿನ ಗರಸಿನ ದಾರಿಯಲ್ಲಿ ಅಣ್ಣ ಕೂರಿಗೆ ಹೂಡಿಕೊಂಡು ನಿಂತಿದ್ದ. ನಮ್ಮ ಹೊಲ ಬಿತ್ತುವವಳು ಹುಲಗಮ್ಮ. ಮೂವತ್ತು ವರ್ಷದಿಂದ ಅವಳದೇ ಕೈ, ನನ್ನನ್ನು ಎತ್ತಿ ಆಡಿಸಿದ ಕೈಯೂ ಅದೇ. ಆ ವರ್ಷ ಹೊಸದಾಗಿ ಬಂದ ಸೊಸೆ ಮಾಳವ್ವನಿಗೆ ಬಿತ್ತುವುದನ್ನು ಕಲಿಸಬೇಕೆಂದು ಕರೆತಂದಿದ್ದಳು. ಕೂರಿಗೆಯ ಮೇಲೊಂದು ಮರದ ಬಟ್ಟಲು, ಅದರಿಂದ ಮೂರು ಬಿದಿರ ಕೊಳವೆಗಳು ಕೆಳಗಿಳಿದು ನೆಲ ಮುಟ್ಟುತ್ತವೆ. ಎತ್ತು ನಡೆದಂತೆ ಹೆಂಗಸು ಹಿಂದೆ ನಡೆಯುತ್ತ, ಉಡಿಯಿಂದ ಮುಷ್ಟಿ ಮುಷ್ಟಿ ಬೀಜ ತೆಗೆದು ಬೆರಳ ಸಂದಿಯಿಂದ ಬಟ್ಟಲಿಗೆ ಬಿಡಬೇಕು. ಮಣಿಕಟ್ಟು ಸ್ವಲ್ಪ ವಾರೆಯಾದರೆ ಒಂದು ಕೊಳವೆಗೆ ಹೆಚ್ಚು, ಇನ್ನೊಂದಕ್ಕೆ ಇಲ್ಲ.

ನೋಡಿದರೆ, ಇವರು ಬಿತ್ತುತ್ತಿರುವುದು ಹೊಲದಲ್ಲಲ್ಲ, ಗಟ್ಟಿ ಗರಸಿನ ಮೇಲೆ. ಬೀಜಗಳೆಲ್ಲ ಕೆಂಪು ನೆಲದ ಮೇಲೆ ಬೆಳ್ಳಗೆ ಬಿದ್ದಿವೆ. ಅದೂ ಮೊದಲು ಬಿತ್ತಿದವಳು ಮಾಳವ್ವನಲ್ಲ, ಹುಲಗಮ್ಮ. ಇಪ್ಪತ್ತು ಹೆಜ್ಜೆ ಹೋಗಿ, ಹಿಂದಿರುಗಿ, ಸೊಂಟದ ಮೇಲೆ ಕೈಯಿಟ್ಟು ತಾನು ಬಿತ್ತಿದ ಮೂರು ಸಾಲನ್ನೂ ನೋಡಿದಳು. ಮೂರನೆಯ ಸಾಲಿನಲ್ಲಿ ಒಂದು ಕಡೆ ಮೊಳದುದ್ದ ಬೀಜವೇ ಇರಲಿಲ್ಲ. ಸೊಸೆಯ ಮುಂದೆಯೇ ಬಗ್ಗಿ ಆ ಜಾಗ ಮುಟ್ಟಿ ತೋರಿಸಿ ನಕ್ಕಳು. ಕೊಳವೆಯಲ್ಲಿ ಕಡ್ಡಿ ಆಡಿಸಿ ಸಿಕ್ಕಿಕೊಂಡಿದ್ದ ಕಸ ತೆಗೆದಳು. ಆಮೇಲೆ ಮಾಳವ್ವನ ಸರದಿ. ಅವಳ ಸಾಲಂತೂ ಒಂದು ಕಡೆ ರಾಶಿ, ಒಂದು ಕಡೆ ಬಯಲು. ಹುಲಗಮ್ಮ ಬೈಯಲಿಲ್ಲ, ಹೀಗೆ ಹಿಡಿ ಹಾಗೆ ಹಿಡಿ ಎಂದು ಹೇಳಲೂ ಇಲ್ಲ. ನೋಡು ಎಂದಳು, ಅಷ್ಟೇ. ಮಾಳವ್ವ ನೋಡಿದಳು, ತನ್ನ ಮಣಿಕಟ್ಟನ್ನು ತಾನೇ ತಿರುಗಿಸಿ ನೋಡಿಕೊಂಡಳು, ಮತ್ತೆ ಕೂರಿಗೆಯ ಹಿಂದೆ ನಿಂತಳು.

ಬೀಜ ಹಾಳು ಎಂದು ನಾನು ರೇಗಿದೆ. ಓದಿದವನಲ್ಲವೇ, ಬುದ್ಧಿ ಹೇಳುವ ಚಟ. ಅಣ್ಣ ಎತ್ತಿನ ಮೂತಿ ಸವರುತ್ತ ಸುಮ್ಮನೆ ನಕ್ಕ. ಹುಲಗಮ್ಮ ಬೀಜಗಳನ್ನು ಬಳಿದು ಉಡಿಗೆ ತುಂಬಿಕೊಳ್ಳುತ್ತ ಹೇಳಿದಳು: "ಹೊಲದಾಗ ಬಿದ್ದ ಬೀಜ ಮಣ್ಣು ಮುಚ್ಚಿಬಿಡತೈತಿ ಯಪ್ಪಾ. ತಪ್ಪು ಮಾಡಿದ್ದು ಎಂಟು ದಿನ ಆದಮ್ಯಾಲ ಕಾಣತೈತಿ. ಅಷ್ಟರಾಗ ಹದ ಹೋಗಿರತೈತಿ. ಇಲ್ಲೆ ಆದ್ರ ಈಗ ಕಾಣತೈತಿ."

"ಅಕಿ ಹೊಸಬಾಕಿ, ಖರೆ. ನಿನಗ್ಯಾಕ ಬೇಕು ಇದು, ಮೂವತ್ತು ವರ್ಷ ಬಿತ್ತಿದಾಕಿಗೆ?" ಎಂದು ನಾನು ಕೇಳಿದೆ.

"ಕೈ ನಂದ ಅಂತ ನೋಡ್ಲಾರದ ನಂಬಲೇನ? ಮತ್ತ, ನಂದು ತಪ್ಪಿದ್ದು ಅಕಿ ನೋಡಿದ್ರ ಅಕಿ ಅಂಜಿಕಿ ಹೋಗತೈತಿ."

ನಾನು ಬದುವಿನ ಮೇಲೆ ಕೂತುಬಿಟ್ಟೆ. ಒಂದು ವರ್ಷ ಮೂರು ತಿಂಗಳು ನಾನು ಮಾಡಿದ್ದು ಮುಚ್ಚಿದ ಮಣ್ಣಿನ ಬಿತ್ತಿಗೆ. ಯಾವ ಹುಡುಗನ ತಲೆಯಲ್ಲಿ ಎಲ್ಲಿ ಬೀಜ ಬಿದ್ದಿದೆ, ಎಲ್ಲಿ ಮೊಳದುದ್ದ ಬಯಲಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ನೋಡಲು ನನಗೆ ಅಂಜಿಕೆ. ಅವರು ತಪ್ಪಿದ್ದು ಕಂಡರೆ ನಾನು ತಪ್ಪಿದ್ದೂ ಕಾಣುತ್ತದಲ್ಲ. ಹುಡುಗರು ಪ್ರಶ್ನೆ ಕೇಳಿದಾಗ ಸಿಟ್ಟು ಬರುತ್ತಿದ್ದುದೂ ಇದಕ್ಕೇ ಎಂದು ಆಗ ಹೊಳೆಯಿತು. ನಾಚಿಕೆಯಾಯಿತು, ಜೊತೆಗೆ ಯಾಕೋ ಹಗುರವೂ ಆಯಿತು.

ಆದರೆ ಆನೆಗೊಂದಿಯ ಪಾಠ ಹೇಗೆ ಮಾಡಬೇಕೆಂದು ಇನ್ನೂ ತಿಳಿದಿರಲಿಲ್ಲ. ಬನ್ನಿ ಹಂಚಿಕೊಂಡು, ಕೊಪ್ಪಳಕ್ಕೆ ಬಂಡಿಯಲ್ಲಿ ಹೋಗಿ, ಅಲ್ಲಿಂದ ಗಂಗಾವತಿಯ ಮೋಟಾರು ಹತ್ತಿ, ಮತ್ತೆ ಬಂಡಿ ಮಾಡಿಕೊಂಡು ಒಂದು ದಿನ ಮೊದಲೇ ಆನೆಗೊಂದಿ ಸೇರಿದೆ. ಅಲ್ಲಿ ನಮ್ಮ ದೂರದ ಬೀಗರಾದ ಪಂಪಾವತಮ್ಮನವರ ಬಾಳೆ ತೋಟವಿತ್ತು. ಗಂಡ ಹೋದ ಮೇಲೆ ತೋಟ ನೋಡಿಕೊಳ್ಳುವವರು ಅವರೇ. ಬಾಳೆಯ ನಾರಿನಿಂದ ಹಗ್ಗ ಹೊಸೆಯುವುದರಲ್ಲಿ ಅವರ ಕೈ ಊರಿಗೆಲ್ಲ ಗೊತ್ತು. ಊಟಕ್ಕೆ ಬಾಳೆದಿಂಡಿನ ಪಲ್ಯ ಮಾಡಿದ್ದರು. ತಳಕಲ್ಲು ಒಣಭೂಮಿ, ನಾನು ದಿಂಡು ತಿಂದದ್ದೇ ಕಡಿಮೆ. ಇದು ಎಲ್ಲಿರುತ್ತದೆ ಎಂದು ಕೇಳಿದೆ. ಅವರು ನನ್ನ ಮುಖ ನೋಡಿ, ನೀವು ಗಿಡದ ಮಾಸ್ತರು ಹೌದೋ ಅಲ್ಲೋ ಎಂದರು. ಗೊನೆ ಕಡಿದ ಬಾಳೆಯ ನಡುವೆ ಇರುವ ಗೊನೆಯ ದಂಟೇ ಅದು. ಪುಸ್ತಕದಲ್ಲಿ ಅದೂ ಇತ್ತು, ಆದರೆ ನಾನು ಬರೆಸಿದ ನಾಲ್ಕು ಸಾಲಿನಲ್ಲಿ ಬಿಟ್ಟುಹೋಗಿತ್ತು. ಪಲ್ಯ ಉಣ್ಣುತ್ತಲೇ ನಾಳೆಯ ಪಾಠ ಸಿಕ್ಕಿತು. ಗೊನೆ ಕಡಿದ ನಾಲ್ಕು ಬಾಳೆ ಕೇಳಿದೆ, ಕೊಡುತ್ತೇನೆಂದರು.

ಮರುದಿನ ಬೆಳಿಗ್ಗೆ ಹೊಳೆಯಾಚೆಯಿಂದ ಹರಿಗೋಲಿನಲ್ಲಿ ಸಾಹೇಬರೂ ಹದಿನೆಂಟು ಹುಡುಗರೂ ಬಂದಿಳಿದರು. ಹುಡುಗರ ಬಗಲಲ್ಲಿ ನಾನು ಬರೆಸಿದ ನೋಟುಬುಕ್ಕುಗಳು. ತೋಟದೊಳಗೆ ಕರೆದುಕೊಂಡು ಹೋಗಿ, ಅವನ್ನೆಲ್ಲ ಒಂದು ಕಡೆ ಇಡಿ ಎಂದೆ. ಹಾಗಾದರೆ ಯಾವುದರ ಮೇಲೆ ಬರೆಯುವುದು ಎಂದು ಅವರಿಗೆ ಗಾಬರಿ. ಯುದ್ಧದ ಕಾಲ, ಕಾಗದಕ್ಕೆ ಬರ, ಆನೆಗೊಂದಿಯಲ್ಲಿ ಬಿಳಿ ಹಾಳೆ ಎಲ್ಲಿ ಹುಡುಕಲಿ? ನನ್ನ ಚೀಲದಲ್ಲಿದ್ದದ್ದು ಆ ಹನ್ನೊಂದು ಪುಟಗಳೇ. ಪ್ರತಿಯೊಂದನ್ನೂ ಎರಡಾಗಿ ಹರಿದೆ, ಇಪ್ಪತ್ತೆರಡು ತುಂಡಾಯಿತು. ಹಿಂದಿನ ಮಗ್ಗುಲು ಖಾಲಿ ಇತ್ತಲ್ಲ. ಹಂಚುತ್ತ ಹೋಗುವಾಗ ಮಾವಿನ ಮರದ ಬುಡದಲ್ಲಿ ಕೂತಿದ್ದ ಸಾಹೇಬರೂ ಕೈ ಚಾಚಿದರು. ಸೆಕೆ ಬಹಳವಿತ್ತು, ಗಾಳಿ ಬೀಸಿಕೊಳ್ಳಲು ಬೇಕೇನೋ ಎಂದು ಅವರಿಗೂ ಒಂದು ಕೊಟ್ಟೆ.

ಎದುರಿಗಿದ್ದ ಬಾಳೆಯನ್ನು ಪಂಪಾವತಮ್ಮ ಈಗ ಸೊಂಟದೆತ್ತರಕ್ಕೆ ಅಡ್ಡ ಕಡಿಯುತ್ತಾರೆ, ಕಡಿದಾಗ ಒಳಗೆ ಏನು ಕಾಣುತ್ತದೆ, ಮೊದಲೇ ಬರೆದು ತೋರಿಸಿ, ಚಿತ್ರ ಮಾತ್ರ, ಒಂದಕ್ಷರವೂ ಬೇಡ ಎಂದೆ. ನಾನೂ ಬರೆಯುತ್ತೇನೆ ಎಂದು ಎಲ್ಲರಿಗಿಂತ ಮೊದಲು ಕೂತು ಬರೆದೆ. ಬರೆದ ಹಾಳೆಗಳನ್ನು ಬೋರಲು ಹಾಕಿ ಮೇಲೊಂದು ಕಲ್ಲಿಟ್ಟೆವು.

ಪಂಪಾವತಮ್ಮ ಕುಡುಗೋಲಿನಿಂದ ಎರಡೇ ಏಟಿಗೆ ಕಡಿದರು. ನೀರು ಜಿನುಗಿತು. ಒಳಗೆ ಕಂಡದ್ದು, ಒಂದರೊಳಗೊಂದು ಸೇರಿದ ಪದರಗಳು, ಪದರಗಳ ತುಂಬ ಸಣ್ಣ ಸಣ್ಣ ಗಾಳಿಯ ಗೂಡುಗಳು, ನಡುವೆ ತೋಳಿನಷ್ಟು ದಪ್ಪನೆಯ ಬಿಳಿ ದಿಂಡು.

ಕಲ್ಲು ತೆಗೆದು ಹಾಳೆಗಳನ್ನು ತಿರುವಿ ಹುಲ್ಲಿನ ಮೇಲೆ ಸಾಲಾಗಿ ಹಾಸಿದೆ. ಮೊದಲನೆಯದು ನನ್ನದು. ಪದರಗಳೇನೋ ಇದ್ದವು, ದಿಂಡು ಮಾತ್ರ ಕಿರುಬೆರಳಿನಷ್ಟಿತ್ತು, ಗಾಳಿಯ ಗೂಡು ಒಂದೂ ಇರಲಿಲ್ಲ. ಹುಡುಗರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅವರವು. ಹದಿನೆಂಟರಲ್ಲಿ ಹದಿನಾರು ಹಾಳೆಗಳಲ್ಲಿ ಇದ್ದದ್ದು ಬೇವಿನ ಕೊರಡು. ಗಟ್ಟಿ ಕಟ್ಟಿಗೆ, ಸುತ್ತ ಉಂಗುರ ಉಂಗುರ, ಹೊರಗೆ ತೊಗಟೆ. ಸದರ್ ಸಾಹೇಬರ ಮುಂದೆ ಒಂದಕ್ಷರ ತಪ್ಪದೆ ಒಪ್ಪಿಸಿದ್ದನಲ್ಲ, ಅವನದರಲ್ಲಿ ಎಲ್ಲರಿಗಿಂತ ಚೆಂದದ ಉಂಗುರಗಳಿದ್ದವು.

ನನ್ನ ಒಂದು ವರ್ಷ ಮೂರು ತಿಂಗಳು ಹುಲ್ಲಿನ ಮೇಲೆ ಬಿದ್ದಿತ್ತು. ಶಿಫಾರಸು ಬರೆಯುವವರು ಎದ್ದು ಬಂದು, ಕೈ ಹಿಂದೆ ಕಟ್ಟಿಕೊಂಡು, ಒಂದೊಂದನ್ನೇ ಬಗ್ಗಿ ನೋಡುತ್ತಿದ್ದರು. ಅಣ್ಣನ ಮುಖ ಕಣ್ಣ ಮುಂದೆ ಬಂತು.

ಆ ಹದಿನಾರರಲ್ಲಿ ಓಬಳೆಪ್ಪನದೂ ಒಂದು. ಅವನು ಗಂಗಾವತಿ ಹತ್ತಿರದ ಮರಳಿಯವನು, ಮನೆಯ ಹಿತ್ತಲಲ್ಲೇ ಬಾಳೆ. ನನಗೆ ಆಶ್ಚರ್ಯವಾಯಿತು. ಉರ್ದು ಬಿಟ್ಟು ನಮ್ಮ ಮಾತಿನಲ್ಲೇ ಕೇಳಿದೆ, ನೀ ಎಂದೂ ಬಾಳಿ ಕಡಿದಿಲ್ಲೇನ?

"ನೂರು ಕಡದೀನ್ರಿ," ಎಂದ. "ಅದು ಹಿತ್ತಲದಾಗಿನ ಬಾಳಿ ರೀ. ನೀವು ಕೇಳಿದ್ದು ಪಾಠದಾಗಿನ ಬಾಳಿ ಅಂತ ತಿಳದಿದ್ದೆ."

ಆ ಮಾತು ನನಗೆ ಹೊಡೆದಂತಾಯಿತು. ಅವನು ಕುಚೋದ್ಯಕ್ಕೆ ಹೇಳಿರಲಿಲ್ಲ. ಅವನ ಮಟ್ಟಿಗೆ ಪಾಠದೊಳಗೆ ಇನ್ನೊಂದು ಬಾಳೆ ಇತ್ತು, ಅದು ಉರ್ದುವಿನಲ್ಲಿ ಬೆಳೆಯುವಂಥದು, ಅದಕ್ಕೂ ಅವನ ತಾಯಿ ಮಾಡುವ ಪಲ್ಯಕ್ಕೂ ಸಂಬಂಧವಿಲ್ಲ. ಆ ಗಿಡ ನೆಟ್ಟವನು ನಾನು. ಸಾಹೇಬರು ಏನೆಂದ ಎಂದು ಕೇಳಿದರು. ಬೇರೆ ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಇದ್ದದ್ದನ್ನು ಇದ್ದ ಹಾಗೆಯೇ ಉರ್ದುವಿಗೆ ತಿರುಗಿಸಿ ಹೇಳಿದೆ. ಅವರು ಗಡ್ಡ ನೀವಿಕೊಂಡು ಮತ್ತೆ ಮಾವಿನ ಬುಡಕ್ಕೆ ಹೋಗಿ ಕೂತರು.

ಇನ್ನು ಹೋಗುವುದೇನೂ ಉಳಿದಿರಲಿಲ್ಲ, ಹಾಗಾಗಿ ಅಂಜಿಕೆಯೂ ಹೋಯಿತು. ಉಳಿದ ಬಾಳೆಗಳನ್ನು ಹುಡುಗರ ಕೈಗೇ ಕೊಟ್ಟೆ. ಪದರ ಪದರವಾಗಿ ಬಿಚ್ಚಿದರು. ಒಂದೊಂದು ಪದರವನ್ನೂ ಹಿಡಿದು ಮೇಲಕ್ಕೆ ಹೋದರೆ ಕೊನೆಗೆ ಒಂದೊಂದು ಎಲೆ ಸಿಕ್ಕಿತು. ಪಂಪಾವತಮ್ಮ ಒಂದು ಪದರವನ್ನು ಹಲಗೆಯ ಮೇಲಿಟ್ಟು ಕೆರೆದು ನಾರು ತೆಗೆದು ತೋರಿಸಿದರು, ನಾರು ಬುಡದಿಂದ ಎಲೆಗೆ ನೀರು ಏರುವ ದಾರಿಯೆಂದು ತೆಲುಗಿನ ಹುಡುಗನೊಬ್ಬ ತಾನೇ ಕಂಡುಕೊಂಡ. ಇದೆಲ್ಲ ಎಲೆಯಾದರೆ ನಿಜವಾದ ಕಾಂಡ ಎಲ್ಲಿ ಎಂದು ಜಗಳ ಹತ್ತಿತು. ದಿಂಡೇ ಕಾಂಡ ಎಂದು ಕೆಲವರು, ಅದು ಬರೀ ಗೊನೆ ಹೊರುವ ದಂಟು ಎಂದು ಕೆಲವರು. ಓಬಳೆಪ್ಪ ಗುದ್ದಲಿ ತಂದು ಬುಡ ಅಗೆದ. ಗಡ್ಡೆ ಕಂಡಿತು, ಅದರ ಮಗ್ಗುಲಲ್ಲಿ ಮೂಡುತ್ತಿದ್ದ ಕಂದುಗಳು ಕಂಡವು, ದಿಂಡು ಆ ಗಡ್ಡೆಯಿಂದಲೇ ಎದ್ದದ್ದೂ ಕಂಡಿತು. ಇಲ್ಲಿಂದ ಶುರುವಾಗುತ್ತದೆ, ಇದೇ, ಎಂದು ಉರ್ದುವಿನಲ್ಲಿ ಹೇಳಿದ. ಯಾರೂ ಬರೆಸದೆ ಅವನು ಉರ್ದುವಿನಲ್ಲಿ ಹೇಳಿದ ಮೊದಲನೆಯ ಮಾತು ಅದು. ಹೊತ್ತು ನೆತ್ತಿಗೆ ಬಂದದ್ದು ಯಾರಿಗೂ ತಿಳಿಯಲಿಲ್ಲ. ನಾನು ಅಷ್ಟು ಹೊತ್ತಿನಲ್ಲಿ ಹತ್ತು ಮಾತೂ ಆಡಿರಲಿಲ್ಲ. ಗದ್ದಲ ಅಷ್ಟು ಹಿತವಾಗಿರುತ್ತದೆ ಎಂದು ಅಂದೇ ನನಗೆ ಗೊತ್ತಾದದ್ದು.

ಊಟವಾದ ಮೇಲೆ ಸಾಹೇಬರು, ನಿಮ್ಮ ಒಂದು ಪುಟ ಎಲ್ಲಿ ಎಂದು ಕೇಳಿದರು. ಹುಡುಗರವೂ ನನ್ನದೂ ಸೇರಿದ ಚಿತ್ರಗಳ ಕಟ್ಟನ್ನು ಅವರ ಕೈಗಿಟ್ಟು, ನಾನು ಬರೆದದ್ದು ಇದರ ಹಿಂದುಗಡೆ ಇದೆ, ಆದರೆ ಮುಂದಿನ ಮಗ್ಗುಲು ನೋಡಿದರೆ ಸಾಕು ಎಂದೆ. ಅವರು ಶೇರವಾನಿಯ ಜೇಬಿನಲ್ಲಿ ಇಟ್ಟುಕೊಂಡರು. ಮರುದಿನ ಹರಿಗೋಲು ಹತ್ತುವಾಗ ಆ ಕಟ್ಟನ್ನೂ ಒಂದು ಲಕೋಟೆಯನ್ನೂ ನನಗೆ ಕೊಟ್ಟರು. ಹುಟ್ಟು ಹಾಕುವವನು ತಿರುಗಿಸಿ ತಿರುಗಿಸಿ ಹರಿಗೋಲನ್ನು ಆಚೆ ದಡ ಮುಟ್ಟಿಸಿದ ಮೇಲೂ, ಈಚೆ ದಡದಲ್ಲಿ ನಿಂತಿದ್ದ ನನಗೆ ಲಕೋಟೆ ಒಡೆಯುವ ಧೈರ್ಯವಾಗಲಿಲ್ಲ. ಗಂಗಾವತಿಯಲ್ಲಿ ಮೋಟಾರಿಗೆ ಕಾಯುತ್ತ ಕೂತಾಗ ಒಡೆದೆ.

ಶಿಫಾರಸಿನ ನಕಲು. ಮೂರೇ ಸಾಲು. ಈ ಲೆಕ್ಚರರಿಗೆ ತನ್ನ ವಿದ್ಯಾರ್ಥಿಗಳಿಗೆ ಏನು ತಿಳಿದಿಲ್ಲ ಎಂಬುದು ತಿಳಿದಿದೆ. ಅದನ್ನು ಮುಚ್ಚಿಡುವುದಿಲ್ಲ. ಖಾಯಂ ಮಾಡತಕ್ಕದ್ದು.

ನಾಲ್ಕು ಸಲ ಓದಿದೆ. ಮೋಟಾರು ಬಂದು ಹೋಗಿಯೇಬಿಟ್ಟಿತು, ಇನ್ನೊಂದಕ್ಕೆ ಮೂರು ಗಂಟೆ ಕಾಯಬೇಕಾಯಿತು. ಬೇರೆ ದಿನವಾಗಿದ್ದರೆ ಕಂಡವರ ಮೇಲೆಲ್ಲ ಹರಿಹಾಯುತ್ತಿದ್ದೆ. ಅವತ್ತು ಬೇವಿನ ನೆರಳಿನಲ್ಲಿ ಕಾಲು ಚಾಚಿಕೊಂಡು, ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಉಸಿರಾಡಿದೆ. ಹೊತ್ತು ಕಳೆಯಲೆಂದು ಚಿತ್ರಗಳ ಕಟ್ಟು ಬಿಚ್ಚಿದೆ. ಹುಡುಗರವು ಹದಿನೆಂಟು, ನನ್ನದೊಂದು, ಹತ್ತೊಂಬತ್ತು ಇರಬೇಕು. ಇಪ್ಪತ್ತಿದ್ದವು.

ಇಪ್ಪತ್ತನೆಯದು ಹಸಿರು ಶಾಯಿಯಲ್ಲಿ ಬರೆದದ್ದು. ಹಸಿರು ಶಾಯಿ ನಮ್ಮ ವಿಭಾಗದಲ್ಲಿ ಬಳಸುತ್ತಿದ್ದವರು ಒಬ್ಬರೇ. ಪದರಗಳು ಚೊಕ್ಕವಾಗಿದ್ದವು, ಗಾಳಿಯ ಗೂಡುಗಳೂ ಇದ್ದವು. ನಡುವೆ ದಿಂಡು ಮಾತ್ರ ಇರಲಿಲ್ಲ. ಆ ಖಾಲಿ ಜಾಗಕ್ಕೆ ಆಮೇಲೆ ಒಂದು ಸಣ್ಣ ಗುರುತು ಹಾಕಿ, ಕೆಳಗೆ ಅಂದಿನ ತಾರೀಖು ಬರೆದಿದ್ದರು.

ಮರುದಿನ ತಳಕಲ್ಲಿಗೆ ಬಂದಾಗ ಸಂಜೆ ಬಿಸಿಲು ಇನ್ನೂ ಇತ್ತು. ನೆಟ್ಟಗೆ ಹೊಲಕ್ಕೆ ಹೋದೆ. ಜೋಳ ಬೆರಳೆತ್ತರ ಎದ್ದು ಸಾಲು ಹಿಡಿದಿತ್ತು. ಮಾಳವ್ವ ಬಿತ್ತಿದ ಕಡೆ ಅಲ್ಲಲ್ಲಿ ಸಣ್ಣ ಬಯಲು, ಅವಳೇ ಕೈಮಾಡಿ ತೋರಿಸಿದಳು. ಖಾಯಂ ಆಯಿತು ಎಂದೆ. ಅಣ್ಣ ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ, ಬಹಳ ಹೊತ್ತು ಒರೆಸಿಕೊಂಡ. ಹುಲಗಮ್ಮನಿಗೆ ಚಿತ್ರಗಳನ್ನು ಒಂದೊಂದಾಗಿ ತೋರಿಸಿ, ಯಾವುದರಲ್ಲಿ ಏನು ಬಿಟ್ಟುಹೋಗಿದೆ ಎಂದು ಹೇಳಿದೆ. ಅವಳಿಗೆ ಓದು ಬರದಿದ್ದರೂ ಬಾಳೆ ಗೊತ್ತಿತ್ತು. ಕೊನೆಯದನ್ನು ಕೈಯಲ್ಲಿ ಹಿಡಿದು, ದಿಂಡಿಲ್ಲದ ನಡುವಿನ ಜಾಗವನ್ನು ಬೆರಳಿನಿಂದ ಮುಟ್ಟಿ, ಇದು ಯಾವ ಹುಡುಗನದು ಎಂದು ಕೇಳಿದಳು. ನಮ್ಮ ಸಾಹೇಬರದು, ನನಗೂ ಮೇಲಿನವರದು ಎಂದೆ.

ಹುಲಗಮ್ಮ ಹಾಳೆಯನ್ನು ಇನ್ನೊಮ್ಮೆ ನೋಡಿ ನನಗೆ ವಾಪಸು ಕೊಟ್ಟಳು.

"ಹಂಗಾದ್ರ ಛಲೋ ಮನಷ್ಯಾ ಅದಾರ ಬಿಡಪ," ಎಂದಳು. "ನಿನ್ನ ಅಂಜಿಕಿ ಹೋಗಲಿ ಅಂತ ಅವರೂ ಗರಸಿನ ಮ್ಯಾಲ ಬಿತ್ತಿ ತೋರಿಸ್ಯಾರ."